ಹಬ್ಬದ ಹಾಸ್ಯವೂ ಪಂಕ್ತಿಯ ಅತಿಥಿಯೂ

ಹಾಸ್ಯವು ಎಲ್ಲ ಕಾಲಕ್ಕೂ ಸಲ್ಲುವ ರಸವಾದರೂ ಕೆಲವು ಸಮಾಜಗಳು ಅದಕ್ಕೊಂದು ತಿಥಿಯನ್ನು ಗೊತ್ತುಮಾಡಿಕೊಂಡಿವೆ. ಇಂಗ್ಲೆಂಡಿನಲ್ಲಿ ಅದು ಕ್ರಿಸ್‌ಮಸ್, ಮಹಾರಾಷ್ಟ್ರದಲ್ಲಿ ದೀಪಾವಳಿ. ಅಲ್ಲಿ ಅದರ ವಾಹನ ದೂರದರ್ಶನ, ಇಲ್ಲಿ ಮುದ್ರಿತ ವಾರ್ಷಿಕಾಂಕ. ಈ ಎರಡು ಸಂಪ್ರದಾಯಗಳನ್ನು ಅಕ್ಕಪಕ್ಕದಲ್ಲಿಟ್ಟು ಪರೀಕ್ಷಿಸಿದರೆ ಹಬ್ಬಕ್ಕೂ ನಗೆಗೂ ಇರುವ ಸಂಬಂಧದ ಮೇಲೆ ಬೆಳಕು ಬೀಳುವುದಲ್ಲದೆ, ಪುಣೆಯಲ್ಲಿ ನೆಲೆಸಿರುವ ನಮಗೆ ತೀರ ಹತ್ತಿರವಾದ ಪ್ರಶ್ನೆಯೊಂದು ಎದುರಾಗುತ್ತದೆ. ಪರರ ಹಬ್ಬದ ಪಂಕ್ತಿಯಲ್ಲಿ ಕುಳಿತವನು ನಗುವವನೋ, ನಗೆಗೆ ವಸ್ತುವಾದವನೋ?

ಮೊದಲು ಇಂಗ್ಲೆಂಡಿನ ಮಾತು. ವರ್ಷವಿಡೀ ನಡೆದ ಹಾಸ್ಯಮಾಲಿಕೆಗಳು ಕ್ರಿಸ್‌ಮಸ್ ಬಂದಾಗ ಒಂದೊಂದು ದೀರ್ಘವಾದ ವಿಶೇಷ ಸಂಚಿಕೆಯನ್ನು ಪ್ರಸಾರ ಮಾಡುವುದು ಅಲ್ಲಿನ ರೂಢಿ. 1977ರ ಕ್ರಿಸ್‌ಮಸ್ ದಿನ ಮೋರ್‌ಕಂಬ್ ಮತ್ತು ವೈಸ್ ಎಂಬ ಜೋಡಿಯ ಕಾರ್ಯಕ್ರಮವನ್ನು ನೋಡಿದವರು ಎರಡು ಕೋಟಿ ಎಂಬತ್ತು ಲಕ್ಷ ಎಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ಅನಂತರದ ಲೆಕ್ಕದಲ್ಲಿ ಆ ಸಂಖ್ಯೆ ಎರಡು ಕೋಟಿ ಹತ್ತು ಲಕ್ಷದ ಆಸುಪಾಸಿಗೆ ಇಳಿಯಿತು. ಇಳಿದರೂ ಅದು ಸಣ್ಣ ಸಂಖ್ಯೆಯೇನಲ್ಲ. 1996ರ ಡಿಸೆಂಬರ್ 29ರಂದು ಪ್ರಸಾರವಾದ ‘ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್’ನ ಸಂಚಿಕೆಯನ್ನು ಎರಡು ಕೋಟಿ ನಲವತ್ತಮೂರು ಲಕ್ಷ ಜನ ನೋಡಿದರು. ವರ್ಷಾನುಗಟ್ಟಲೆ ಸಿರಿಯ ಕನಸು ಕಂಡು ಸೋತ ಅಣ್ಣತಮ್ಮಂದಿರು ತಮ್ಮ ಗುಜರಿಯಲ್ಲೇ ಬಿದ್ದಿದ್ದ ಹಳೆಯ ಗಡಿಯಾರವೊಂದರಿಂದ ಕೋಟ್ಯಧೀಶರಾದುದು ಅದರ ಕಥೆ.

ಈ ವಿಶೇಷ ಸಂಚಿಕೆಗಳ ರಚನೆಯಲ್ಲಿ ಮೂರು ಲಕ್ಷಣಗಳು ಕಾಣುತ್ತವೆ. ಪಾತ್ರಗಳು ಪೂರ್ವಪರಿಚಿತರು. ಆದುದರಿಂದ ಅವರನ್ನು ಪರಿಚಯಿಸುವ ಶ್ರಮ ಬೇಡ; ಅವರು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ನಗೆ ಆರಂಭವಾಗುತ್ತದೆ. ಎರಡನೆಯದಾಗಿ, ಹಬ್ಬವೆಂಬ ನೆಪದಿಂದ ಒಬ್ಬರಿಗೊಬ್ಬರು ಆಗದವರೂ ಒಂದೇ ಕೋಣೆಯಲ್ಲಿ ಕೂಡಲೇಬೇಕು. ಮೂರನೆಯದಾಗಿ, ಕೊನೆಗೆ ಸಂಧಾನ. 1977ರ ‘ದಿ ಗುಡ್ ಲೈಫ್’ನ ಸಂಚಿಕೆಯಲ್ಲಿ ಶ್ರೀಮಂತೆಯಾದ ಮಾರ್ಗೊ, ತರಿಸಿದ ಹಬ್ಬದ ಮರ ಅಳತೆಗಿಂತ ಗಿಡ್ಡವಾಯಿತೆಂದು ಹಿಂದಿರುಗಿಸಿ, ಅದರ ಜೊತೆಗೆ ಹಬ್ಬದ ಸಾಮಗ್ರಿಯನ್ನೆಲ್ಲ ಕಳೆದುಕೊಳ್ಳುತ್ತಾಳೆ. ಕೊನೆಗೆ ಕೈಯಾರೆ ಬೆಳೆದುಣ್ಣುವ ಬಡ ನೆರೆಯವರ ಮನೆಯಲ್ಲಿ ಅವಳ ಹಬ್ಬ ನಡೆಯುತ್ತದೆ. ಬಿಗುಮಾನ ಕಳಚುತ್ತದೆ, ಅವಳ ಮರ್ಯಾದೆ ಕಳಚುವುದಿಲ್ಲ. ಈ ಎರಡರ ನಡುವಣ ಅಂತರವೇ ಹಬ್ಬದ ಹಾಸ್ಯದ ಜೀವಾಳ.

ಭರತಮುನಿ ಹಾಸ್ಯವನ್ನು ಆತ್ಮಸ್ಥ, ಪರಸ್ಥವೆಂದು ಎರಡಾಗಿ ವಿಂಗಡಿಸಿ, ಸ್ಮಿತದಿಂದ ಅತಿಹಸಿತದವರೆಗೆ ಆರು ಮೆಟ್ಟಿಲುಗಳನ್ನು ಹೇಳಿದನು. ಆ ವಿಂಗಡಣೆಯಲ್ಲಿ ಮೆಟ್ಟಿಲುಗಳು ನಗುವವನ ಪ್ರಕೃತಿಯನ್ನು ಅನುಸರಿಸುತ್ತವೆ. ಹಬ್ಬದ ಹಾಸ್ಯಕ್ಕೆ ಇನ್ನೊಂದು ಒರೆಗಲ್ಲೂ ಬೇಕೆಂದು ನಮ್ಮ ಅಭಿಪ್ರಾಯ: ನಗೆ ಮುಗಿದ ಮೇಲೆ, ಯಾರನ್ನು ಕುರಿತು ನಕ್ಕೆವೋ ಅವನು ಪಂಕ್ತಿಯಲ್ಲಿ ಉಳಿದಿದ್ದಾನೆಯೆ? ಉಳಿದಿದ್ದರೆ ಅದು ಹಬ್ಬ. ಎದ್ದುಹೋಗಿದ್ದರೆ ಅದು ಅಪಹಾಸ್ಯ.

ಇನ್ನು ನಮ್ಮೂರಿಗೆ ಬರೋಣ. ಮರಾಠಿ ದೀಪಾವಳಿ ಸಂಚಿಕೆಗಳ ಪರಂಪರೆ 1909ರಲ್ಲಿ ಕಾಶೀನಾಥ ರಘುನಾಥ ಮಿತ್ರರ ‘ಮನೋರಂಜನ’ದಿಂದ ಮೊದಲಾಯಿತು. ಹಾಸ್ಯಕ್ಕೇ ಮೀಸಲಾದ ವಾರ್ಷಿಕಗಳು ಬಂದುದು ಅನಂತರ. 1951ರಲ್ಲಿ ಮಧುಕರ ಪಾಟಕರರು ಹೊರತಂದ ‘ಆವಾಜ್’ ತನ್ನ ಕಿಟಕಿಚಿತ್ರಗಳಿಂದ ಹೆಸರಾಯಿತು. ಕತ್ತರಿಸಿದ ಕಿಂಡಿಯಲ್ಲಿ ಒಂದು ನೋಟ ಕಂಡು, ಪುಟ ತಿರುವಿದರೆ ಬೇರೊಂದೇ ನೋಟ. ಓದುಗನ ಮನಸ್ಸಿನ ಕಳ್ಳತನವನ್ನೇ ಬಯಲುಮಾಡುವ ಈ ತಂತ್ರ ಆತ್ಮಸ್ಥ ಹಾಸ್ಯಕ್ಕೆ ಒಳ್ಳೆಯ ಉದಾಹರಣೆ. ಪುಣೆಯ ಮೇನಕಾ ಪ್ರಕಾಶನದ ‘ಜತ್ರಾ’ ಇದೇ ಜಾತಿಯದು. ಫರಾಳದ ತಟ್ಟೆಯ ಪಕ್ಕದಲ್ಲಿ ಇಂತಹ ಸಂಚಿಕೆಯೊಂದು ಬಿದ್ದಿರುವುದು, ಅದು ಕೈಯಿಂದ ಕೈಗೆ ಹೋಗುವುದು ಇಲ್ಲಿಯ ಮನೆಗಳಲ್ಲಿ ಹಬ್ಬದ ಅಂಗವೇ ಆಗಿಬಿಟ್ಟಿತು.

ಇದಕ್ಕೊಂದು ಆಕ್ಷೇಪವುಂಟು. ಹಬ್ಬದ ದಿನ ಯಾರನ್ನೂ ನೋಯಿಸಬಾರದೆಂಬ ಕಟ್ಟು ಹಾಸ್ಯದ ಮೊನೆಯನ್ನು ಮೊಂಡುಮಾಡುವುದಿಲ್ಲವೆ? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ‘ಆವಾಜ್’ ಹುಟ್ಟಿದ 1951ರಲ್ಲಿಯೇ ಆರ್. ಕೆ. ಲಕ್ಷ್ಮಣರ ‘ಯೂ ಸೆಡ್ ಇಟ್’ ಎಂಬ ದೈನಂದಿನ ವ್ಯಂಗ್ಯಚಿತ್ರಮಾಲೆ ಆರಂಭವಾಯಿತು. ಚೌಕುಳಿ ಕೋಟು ತೊಟ್ಟ ಆ ಶ್ರೀಸಾಮಾನ್ಯ ಮಾತಾಡುವುದಿಲ್ಲ, ಯಾರೊಡನೆಯೂ ಸಂಧಾನ ಮಾಡಿಕೊಳ್ಳುವುದಿಲ್ಲ, ಮರುದಿನ ಬೆಳಿಗ್ಗೆ ಮತ್ತೆ ಬಂದು ನಿಲ್ಲುತ್ತಾನೆ. ದಿನದ ಹಾಸ್ಯ ಎಚ್ಚರದ ಹಾಸ್ಯ. ಹಬ್ಬದ ಹಾಸ್ಯ ಸಖ್ಯದ ಹಾಸ್ಯ. ಒಂದನ್ನು ಇನ್ನೊಂದರ ಅಳತೆಗೋಲಿನಿಂದ ಅಳೆಯುವುದು ಯುಕ್ತವಲ್ಲ. ಮೈಸೂರಿನಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿ ಕನ್ನಡದ ‘ಕೊರವಂಜಿ’ಗೆ ಚಿತ್ರ ಬರೆದು, 2015ರಲ್ಲಿ ಪುಣೆಯಲ್ಲಿಯೇ ಕಣ್ಮುಚ್ಚಿದ ಲಕ್ಷ್ಮಣರು ನಮ್ಮ ಮತ್ತು ಈ ಊರಿನ ನಡುವಣ ಒಂದು ಕೊಂಡಿಯೆಂಬುದನ್ನು ಇಲ್ಲಿ ನೆನೆಯಬಹುದು.

ನಮ್ಮ ಪ್ರಶ್ನೆಗೆ ನೇರವಾದ ಉತ್ತರ ಸಿಕ್ಕುವುದು ಪು. ಲ. ದೇಶಪಾಂಡೆಯವರಲ್ಲಿ. ಬಿ.ಬಿ.ಸಿ.ಯಲ್ಲಿ ತರಬೇತಿ ಪಡೆದು, ಇಂಗ್ಲೆಂಡಿನ ಪ್ರವಾಸವನ್ನು ‘ಅಪೂರ್ವಾಈ’ಯಲ್ಲಿ ಬಣ್ಣಿಸಿದ ಅವರು, ಅದಕ್ಕೂ ಮುನ್ನ ಬೆಳಗಾವಿಯ ರಾಣಿ ಪಾರ್ವತೀದೇವಿ ಕಾಲೇಜಿನಲ್ಲಿ ಕೆಲಕಾಲ ಅಧ್ಯಾಪಕರಾಗಿದ್ದರು. ಆ ಬೆಳಗಾವಿಯ ಋಣವೇ ‘ಗಣಗೋತ’ದ ರಾವಸಾಹೇಬ. ಈ ಗೃಹಸ್ಥನ ಮರಾಠಿ ಕನ್ನಡದ ಅಚ್ಚಿನಲ್ಲಿ ಎರಕಹೊಯ್ದದ್ದು. ಕನ್ನಡದಲ್ಲಿ ಜಡವಸ್ತುಗಳೆಲ್ಲ ನಪುಂಸಕಲಿಂಗಕ್ಕೆ ಸೇರಿದವು. ಮರಾಠಿಯಲ್ಲಿ ಪಂಖಾ ಪುಲ್ಲಿಂಗ, ಖುರ್ಚಿ ಸ್ತ್ರೀಲಿಂಗ, ಟೇಬಲು ನಪುಂಸಕ. ಇಲ್ಲಿಗೆ ಬಂದ ಪ್ರತಿಯೊಬ್ಬ ಕನ್ನಡಿಗನೂ ಈ ಕಾಡಿನಲ್ಲಿ ದಾರಿ ತಪ್ಪಿದವನೇ. ಸಾಮಾನ್ಯ ಪ್ರಹಸನಕಾರನ ಕೈಯಲ್ಲಿ ಈ ಲಿಂಗವ್ಯತ್ಯಾಸವೇ ನಗೆಯ ಆದಿಯೂ ಅಂತ್ಯವೂ ಆಗುತ್ತದೆ. ಬೇರೆ ಗುಣವಿಲ್ಲದ ಅಂತಹ ಕನ್ನಡಿಗನನ್ನು ಮರಾಠಿ ರಂಗಭೂಮಿಯಲ್ಲಿ ನೋಡಿ ನಮ್ಮಲ್ಲಿ ಹಲವರು ಮುಖ ಸಣ್ಣದು ಮಾಡಿಕೊಂಡದ್ದುಂಟು.

ರಾವಸಾಹೇಬ ಹಾಗಲ್ಲ. ಅವನ ಭಾಷೆ ವಕ್ರ, ಬೈಗುಳ ಧಾರಾಳ. ಆದರೆ ಅವನ ಕಿವಿ ಶುದ್ಧ. ಸಂಗೀತ ನಾಟಕಗಳ ವಿಷಯದಲ್ಲಿ ಅವನು ಅಪ್ಪಟ ರಸಿಕ. ಲೇಖಕ ಮೊದಲು ಅವನ ಮಾತಿನಿಂದ ನಮ್ಮನ್ನು ನಗಿಸಿ, ಅನಂತರ ಅವನ ಔದಾರ್ಯವನ್ನು ತೋರಿಸಿ, ಕಡೆಗೆ ಅವನ ಅಗಲಿಕೆಯಿಂದ ಗಂಟಲು ಕಟ್ಟಿಸುತ್ತಾನೆ. ವ್ಯಾಕರಣ ತಪ್ಪಿದ ಆ ಮರಾಠಿಯೇ ಸ್ನೇಹದ ಭಾಷೆಯಾಗಿ ಓದುಗನ ಕಿವಿಯಲ್ಲಿ ಉಳಿಯುತ್ತದೆ. ಪಂಕ್ತಿಯ ಪರೀಕ್ಷೆಯಲ್ಲಿ ಇದು ಉತ್ತೀರ್ಣವಾದ ಹಾಸ್ಯ. ಅತಿಥಿ ಎದ್ದುಹೋಗಿಲ್ಲ, ಮೇಲ್ಪಂಕ್ತಿಗೆ ಸರಿದಿದ್ದಾನೆ.

ಇಂಗ್ಲೆಂಡಿನಲ್ಲಿ ಇದಕ್ಕೆ ಸಮಾನವಾದುದು ‘ಗ್ಯಾವಿನ್ ಅಂಡ್ ಸ್ಟೇಸಿ’. ಎಸೆಕ್ಸಿನ ಹುಡುಗ, ವೇಲ್ಸಿನ ಹುಡುಗಿ. ಎರಡು ಮನೆತನ, ಎರಡು ನುಡಿಗಟ್ಟು. ವೇಲ್ಸಿನವರ ಉಚ್ಚಾರವನ್ನು ಆಡಿಕೊಂಡು ನಗುವುದು ಇಂಗ್ಲಿಷರಿಗೆ ಹಳೆಯ ಚಾಳಿ. ಆದರೆ ಈ ಮಾಲಿಕೆಯನ್ನು ಬರೆದ ಇಬ್ಬರಲ್ಲಿ ರೂತ್ ಜೋನ್ಸ್ ಸ್ವತಃ ವೇಲ್ಸಿನವರು, ಜೇಮ್ಸ್ ಕಾರ್ಡನ್ ಇಂಗ್ಲಿಷರವರು. ಆದುದರಿಂದಲೇ ನಗೆ ಎರಡೂ ದಿಕ್ಕಿಗೆ ಹರಿಯುತ್ತದೆ. 2024ರ ಕ್ರಿಸ್‌ಮಸ್ ರಾತ್ರಿ ಪ್ರಸಾರವಾದ ಅದರ ಅಂತಿಮ ಸಂಚಿಕೆಯನ್ನು ಆ ರಾತ್ರಿಯೇ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಇದರಲ್ಲಿ ನಾವು ಗಮನಿಸಬೇಕಾದ ಭೇದವೊಂದಿದೆ. ರಾವಸಾಹೇಬನಿಗೆ ಪ್ರೀತಿ ದೊರಕಿದ್ದು ಅತಿಥೇಯನ ಲೇಖನಿಯಿಂದ. ವೇಲ್ಸಿನ ಮನೆಯವರಿಗೆ ಅವರದೇ ಲೇಖನಿಯಿತ್ತು.

ನಮ್ಮ ಲೇಖನಿ ಎಲ್ಲಿ? ಕನ್ನಡದಲ್ಲಿ ಹಾಸ್ಯಕ್ಕೆ ಬಡತನವಿಲ್ಲ. ಡಾ. ಎಂ. ಶಿವರಾಂ ಅವರ ‘ಕೊರವಂಜಿ’ 1942ರಿಂದ 1967ರವರೆಗೆ ನಡೆಯಿತು, ನಾ. ಕಸ್ತೂರಿ, ಟಿ. ಸುನಂದಮ್ಮ ಮೊದಲಾದವರ ಕೈ ಅದರಲ್ಲಿ ಪಳಗಿತು. ಅದರ ಉತ್ತರಾಧಿಕಾರಿಯಾಗಿ 1983ರಲ್ಲಿ ‘ಅಪರಂಜಿ’ ಬಂದಿತು. ಬೀಚಿಯವರ ತಿಂಮ ಇಂದಿಗೂ ಬಾಯಿಂದ ಬಾಯಿಗೆ ಸಂಚರಿಸುತ್ತಾನೆ. ಆದರೆ ಇವು ಮಾಸದ ಹಾಸ್ಯ, ಮಾತಿನ ಹಾಸ್ಯ, ತಿಥಿಗೆ ಕಟ್ಟುಬಿದ್ದವಲ್ಲ. ನಮ್ಮ ಯುಗಾದಿ, ದೀಪಾವಳಿ ವಿಶೇಷಾಂಕಗಳಲ್ಲಿ ಕಥೆ, ಕವಿತೆಗಳೇ ಮೃಷ್ಟಾನ್ನ, ಹಾಸ್ಯ ಎಲೆಯ ತುದಿಯ ಉಪ್ಪಿನಕಾಯಿ. ತಾಯ್ನಾಡಿನಲ್ಲಿ ಇದೊಂದು ಕೊರತೆಯಲ್ಲ. ಅಲ್ಲಿ ನಗೆ ಬೀದಿಯಲ್ಲಿಯೇ ದೊರೆಯುತ್ತದೆ. ಹೊರನಾಡಿನಲ್ಲಿ ಮಾತ್ರ ಇದು ಕೊರತೆಯೇ. ಹಬ್ಬದ ಸಭೆಗೆ ಬೆಂಗಳೂರಿನಿಂದಲೋ ಧಾರವಾಡದಿಂದಲೋ ಹಾಸ್ಯಭಾಷಣಕಾರರನ್ನು ಕರೆಸುತ್ತೇವೆ. ಹಿರಿಯರು ಹೊಟ್ಟೆತುಂಬ ನಗುತ್ತಾರೆ, ಇಲ್ಲಿ ಹುಟ್ಟಿದ ಮಕ್ಕಳು ಹಿರಿಯರ ಮುಖ ನೋಡಿ ಅರ್ಧ ನಗುತ್ತಾರೆ. ಅವರು ಪೂರ್ತಿ ನಗಬಲ್ಲ ವಸ್ತು ಅವರ ಮನೆಯಲ್ಲಿಯೇ ಇದೆ: ಅಜ್ಜಿಯ ಕನ್ನಡ, ತಾಯಿಯ ಬೆರಕೆ, ನೆರೆಮನೆಯ ಮರಾಠಿ, ಲಿಂಗ ತಪ್ಪಿದ ಖುರ್ಚಿ, ಟೇಬಲು. ಆ ಸಾಮಗ್ರಿಯನ್ನು ಒಬ್ಬ ಮರಾಠಿ ಲೇಖಕ ಪ್ರೀತಿಯಿಂದ ಬಳಸಿಕೊಂಡ. ಅದರ ಒಡೆಯರಾದ ನಾವು ನಾಚಿಕೆಯಿಂದ ಮುಚ್ಚಿಟ್ಟೆವು.

ತನ್ನ ತಪ್ಪಿಗೆ ತಾನೇ ಮೊದಲು ನಗಬಲ್ಲವನನ್ನು ಪರರು ನಕ್ಕು ಕುಗ್ಗಿಸಲಾರರು. ಹೊರನಾಡ ಕನ್ನಡಿಗನ ಆತ್ಮಸ್ಥ ಹಾಸ್ಯವೆಂದರೆ ಇದೇ. ವರ್ಷಕ್ಕೊಮ್ಮೆಯಾದರೂ, ದೀಪಾವಳಿಯ ನೆಪದಿಂದ, ಇಲ್ಲಿಯ ಕನ್ನಡ ಮನೆಗಳ ನಗೆಯನ್ನು ಇಲ್ಲಿಯವರೇ ಬರೆದು ಒಂದು ಸಂಚಿಕೆಯಲ್ಲಿ ಕೂಡಿಡುವ ಕೆಲಸ ನಡೆಯಬೇಕು. ಅದು ಮನರಂಜನೆಯಷ್ಟೇ ಆಗದೆ ಒಂದು ನುಡಿಯ ದಾಖಲೆಯೂ ಆದೀತು. ಏಕೆಂದರೆ ಈ ಬೆರಕೆನುಡಿಯನ್ನು ಆಡಿದ ತಲೆಮಾರು ನಮ್ಮ ಕಣ್ಣೆದುರಿನಲ್ಲಿಯೇ ಸರಿದುಹೋಗುತ್ತಿದೆ.