ಪಾಚಿ ಗೊಬ್ಬರ: ಕರಪತ್ರದ ಮಾತು, ಗದ್ದೆಯ ಲೆಕ್ಕ

ಭತ್ತದ ಗದ್ದೆಗೆ ನೀಲಿ-ಹಸಿರು ಪಾಚಿ ಎರಚಬೇಕೆಂಬ ಸಲಹೆ ಗಾಳಿಮಾತಲ್ಲ. ಗೊಬ್ಬರ ಕಾಣದ ಗದ್ದೆ ವರ್ಷ ವರ್ಷವೂ ಬೆಳೆ ಕೊಡುವುದರ ಹಿಂದೆ ನಿಂತ ನೀರಿನ ಈ ಜೀವಿಗಳ ಕೈವಾಡವಿದೆ ಎಂದು ವಿಜ್ಞಾನಿ ಪಿ.ಕೆ. ಡೇ 1939ರಲ್ಲೇ ತೋರಿಸಿದ್ದರು. ಆರ್.ಎನ್. ಸಿಂಗ್ ಉತ್ತರ ಪ್ರದೇಶದ ಊಸರ ಎಂಬ ಚೌಳು ನೆಲಕ್ಕೆ ಬದು ಹಾಕಿ, ಮಳೆನೀರು ನಿಲ್ಲಿಸಿ, ಪಾಚಿ ಬೆಳೆಸಿ ಚೌಳು ತಗ್ಗಿಸಿದ ವರದಿ 1950ರದು. ಮುಂದೆ ದೆಹಲಿಯಲ್ಲಿ ಜಿ.ಎಸ್. ವೆಂಕಟರಾಮನ್ ತೊಟ್ಟಿಯಲ್ಲಿ ಪಾಚಿ ಬೆಳೆದು ಒಣಗಿಸುವ ವಿಧಾನವನ್ನು ರೈತರ ಬಳಿಗೆ ತಂದರು. ನಾಟಿಯಾದ ವಾರಕ್ಕೆ ಹೆಕ್ಟೇರಿಗೆ 10 ಕೆ.ಜಿ. ಎರಚಿದರೆ ಗಾಳಿಯಿಂದ 20ರಿಂದ 30 ಕೆ.ಜಿ. ಸಾರಜನಕ ಸಿಗುತ್ತದೆ ಎನ್ನುತ್ತವೆ ಕರಪತ್ರಗಳು.

ಅದೇ ಕರಪತ್ರಗಳು ಯೂರಿಯಾದ ಜೊತೆಗೂ ಪಾಚಿ ಬಳಸಬಹುದು ಎನ್ನುತ್ತವಲ್ಲ, ನನ್ನ ತಕರಾರು ಅಲ್ಲಿ.

ಸಾರಜನಕದ ವಿಷಯದಲ್ಲಿ ಈ ಜೀವಿಗೆ ತನ್ನದೇ ಆದ ಸರದಿಯಿದೆ. ಮೊದಲು ಅಮೋನಿಯಂ, ಅದಿಲ್ಲದಿದ್ದರೆ ನೈಟ್ರೇಟ್, ಎರಡೂ ಬತ್ತಿದ ಮೇಲಷ್ಟೇ ಗಾಳಿ. ಗಾಳಿಯ ಸಾರಜನಕ ದುಬಾರಿ: ಒಂದೊಂದು ಅಣುವನ್ನು ಅಮೋನಿಯಾ ಮಾಡಲು ಕನಿಷ್ಠ 16 ಎಟಿಪಿ (ಕೋಶದ ಶಕ್ತಿಯ ನಾಣ್ಯ) ಖರ್ಚು. ಆ ಅಣುವನ್ನು ಒಡೆಯುವ ನೈಟ್ರೋಜಿನೇಸ್ ಕಿಣ್ವಕ್ಕೆ ಆಮ್ಲಜನಕ ಸೋಕಬಾರದು. ಹಾಗಾಗಿ ಅನಬೀನ ಎಂಬ ಪಾಚಿಯ ಎಳೆಯಲ್ಲಿ ಹತ್ತಿಪ್ಪತ್ತು ಕೋಶಗಳಿಗೊಂದು ದಪ್ಪ ಗೋಡೆ ಕಟ್ಟಿಕೊಂಡು, ಆಮ್ಲಜನಕ ಬಿಡುವುದನ್ನೇ ನಿಲ್ಲಿಸಿ, ಹೆಟರೋಸಿಸ್ಟ್ ಆಗುತ್ತದೆ. ಪಕ್ಕದವರು ಸಕ್ಕರೆ ಕೊಡಬೇಕು, ಇದು ಗ್ಲುಟಮಿನ್ ಕೊಡಬೇಕು. ಒಮ್ಮೆ ಹೀಗೆ ಬದಲಾದ ಕೋಶ ಮತ್ತೆ ವಿಭಜನೆಯಾಗುವುದಿಲ್ಲ. ಮನೆಯಲ್ಲಿ ಅನ್ನ ಆಗಿರುವಾಗ ಯಾರಾದರೂ ಭತ್ತ ಕುಟ್ಟಲು ಕೂರುತ್ತಾರೆಯೇ? ನೀರಿಗೆ ಯೂರಿಯಾ ಬಿದ್ದು ಅಮೋನಿಯಂ ಆದರೆ ಹೊಸ ಹೆಟರೋಸಿಸ್ಟ್ ಹುಟ್ಟುವುದು ನಿಲ್ಲುತ್ತದೆ.

ನಷ್ಟ ಅಷ್ಟಕ್ಕೇ ಮುಗಿಯದು. ಬಿಸಿಲಿನಲ್ಲಿ ಪಾಚಿಗಳು ನೀರಿನ ಇಂಗಾಲದ ಡೈಆಕ್ಸೈಡ್ ಹೀರಿದಾಗ ಕ್ಷಾರತೆ ಏರುತ್ತದೆ. ಮಧ್ಯಾಹ್ನ ಪಿಎಚ್ 9 ದಾಟುವುದೂ ಉಂಟು. ಆಗ ಯೂರಿಯಾದ ಅಮೋನಿಯಾ ಆವಿಯಾಗಿ ಹೋಗುತ್ತದೆ. ಕೂಡಿಸಲು ತಂದದ್ದು ಕಳೆಯಲೂ ಬಲ್ಲದು ಎಂಬುದನ್ನು ಕರಪತ್ರ ಹೇಳುವುದಿಲ್ಲ.

1980ರಲ್ಲಿ ಸಂಶೋಧಕರಾದ ರೋಜರ್ ಮತ್ತು ಕುಲಸೂರಿಯ ಅದುವರೆಗಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಾಸರಿ ಇಳುವರಿ ಹೆಚ್ಚಳ ಶೇ. 14ರ ಆಸುಪಾಸಿನಲ್ಲಿತ್ತು. ಕಡಿಮೆಯೇನಲ್ಲ. ಆದರೆ ಹೆಚ್ಚಿನವರು ಅಳೆದದ್ದು ಕಾಳಿನ ತೂಕವನ್ನು, ಸಾರಜನಕವನ್ನಲ್ಲ. ಯೂರಿಯಾ ಹಾಕಿದ ಗದ್ದೆಯಲ್ಲೂ ಫಲ ಕಂಡಾಗ, ಪಾಚಿ ಸ್ರವಿಸುವ ಬೆಳವಣಿಗೆಯ ಹಾರ್ಮೋನು ಕಾರಣವಿರಬಹುದು ಎಂದರು ಪ್ರಯೋಗ ಮಾಡಿದವರು. ಹಾಗಿದ್ದರೆ ಆ ಹೆಚ್ಚಳವನ್ನು ಸಾರಜನಕದ ಖಾತೆಗೆ ಬರೆದದ್ದೇಕೆ? ಮುಂದಿನ ಸಮೀಕ್ಷೆಗಳಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ಎಷ್ಟೋ ಗದ್ದೆಗಳ ಮಣ್ಣಿನಲ್ಲಿ ಕೊಂಡು ತಂದ ಚೀಲದಿಂದ ಬರುವುದಕ್ಕಿಂತ ಹೆಚ್ಚು ಸ್ಥಳೀಯ ಪಾಚಿ ಮೊದಲೇ ಇದೆ. ಹೊರಗಿನಿಂದ ಬಂದ ತಳಿ ಅದರೆದುರು ನೆಲೆಯೂರುವುದು ಅಪರೂಪ. ಬಸವನಹುಳುಗಳ ಬಾಯಿಂದ ಪಾರಾದದ್ದಷ್ಟೇ ಉಳಿಯುತ್ತದೆ.

ಊಸರ ನೆಲಕ್ಕೆ, ರಾಸಾಯನಿಕ ಗೊಬ್ಬರ ಮುಟ್ಟದ ಗದ್ದೆಗೆ ಪಾಚಿ ಎರಚುವುದು ಸರಿ. ಯೂರಿಯಾ ಧಾರಾಳವಾಗಿ ಬೀಳುವ ಗದ್ದೆಯಲ್ಲಿ ಅದು ವ್ಯರ್ಥ. ಹುಳಿಮಣ್ಣಿನ ಮಲೆನಾಡಿನಲ್ಲಿ ಸುಣ್ಣ ಮತ್ತು ರಂಜಕ ಕೊಡದೆ ಪಾಚಿ ನೆಚ್ಚುವಂತಿಲ್ಲ. ಯೂರಿಯಾ ಬಿಡಲಾಗದವರು ಅದನ್ನು ನೀರಿಗೆ ಎರಚದೆ ಕೆಸರಿನ ಆಳಕ್ಕೆ ಇಡಲಿ. ಆಗ ಮೇಲಿನ ನೀರಿನ ಪಾಚಿ ತನ್ನ ಕೆಲಸ ಮುಂದುವರಿಸುತ್ತದೆ, ಮತ್ತು ಅದಕ್ಕೆ ಚೀಲ ಕೊಳ್ಳಬೇಕಾಗಿಲ್ಲ.