ಸಿ ಭಾಷೆಯ ಪರಕಾಯಪ್ರವೇಶ

ಒಂದು ಯಂತ್ರಕ್ಕೆಂದು ಬರೆದ ಸಿ ಪ್ರೋಗ್ರಾಮು, ಬೇರೊಂದು ಆಪರೇಟಿಂಗ್ ಸಿಸ್ಟಮಿನ ಆಶ್ರಯದಲ್ಲಿ ಅಕ್ಷರವೂ ಬದಲಾಗದೆ ನಡೆಯಬಲ್ಲುದೆಂಬ ಖ್ಯಾತಿ ಈ ಭಾಷೆಗೆ ಬಹುಕಾಲದಿಂದ ಸಂದಿದೆ. ಅದರಲ್ಲಿ ಸತ್ಯವೆಷ್ಟು, ಅತಿಶಯೋಕ್ತಿಯೆಷ್ಟು ಎಂಬುದು ವಿಚಾರಾರ್ಹ. ಬೆಲ್ ಲ್ಯಾಬ್ಸಿನಲ್ಲಿ ಡೆನ್ನಿಸ್ ರಿಚಿಯವರು ಈ ಭಾಷೆಯನ್ನು ರೂಪಿಸಿದುದು ಪಿಡಿಪಿ-11 ಯಂತ್ರವನ್ನು ಕಣ್ಣ ಮುಂದಿಟ್ಟುಕೊಂಡು. 1973ರಲ್ಲಿ ಸಿ ಭಾಷೆಗೆ ಬಂದ ಯೂನಿಕ್ಸನ್ನು 1977ರ ಸುಮಾರಿಗೆ ಇಂಟರ್‌ಡೇಟಾ 8/32 ಎಂಬ ಭಿನ್ನಜಾತಿಯ ಯಂತ್ರಕ್ಕೆ ಸಾಗಿಸಹೊರಟಾಗ, ಸ್ಟೀವ್ ಜಾನ್ಸನ್ನರು ಹೊಸ ಕಂಪೈಲರನ್ನೇ ಕಟ್ಟಬೇಕಾಯಿತು. ಸಡಿಲವಾದ ಬರವಣಿಗೆಯನ್ನು ಹೆಕ್ಕಿ ತೋರುವ ಲಿಂಟ್ ಎಂಬ ಸಾಧನವೂ ಬೇಕಾಯಿತು. ಪರಕಾಯಪ್ರವೇಶವು ಸಿ ಭಾಷೆಗೆ ಹುಟ್ಟಿನೊಡನೆ ಬಂದ ವಿದ್ಯೆಯಲ್ಲ.

ಚಾರ್ ಎಂಬ ಸಣ್ಣ ಪದವನ್ನೇ ನೋಡೋಣ. ಗೆಟ್‌ಚಾರ್ ಮೂಲಕ ಒಂದೊಂದೇ ಅಕ್ಷರವನ್ನು ಓದುತ್ತ, ಕಡತ ಮುಗಿದುದನ್ನು ಸೂಚಿಸುವ ಇಒಎಫ್ ಕಂಡೊಡನೆ ನಿಲ್ಲುವ ನಾಲ್ಕು ಸಾಲಿನ ಲೂಪನ್ನು ಹೊಸಬರು ಬರೆಯುವಾಗ, ಓದಿದುದನ್ನು ಇಂಟ್‌ನಲ್ಲಿಡದೆ ಚಾರ್‌ನಲ್ಲಿಡುತ್ತಾರೆ. ಇಂಟೆಲ್ ಯಂತ್ರದ ಲಿನಕ್ಸಿನಲ್ಲಿ ಚಾರ್ ಋಣಸಂಖ್ಯೆಯನ್ನೂ ಧರಿಸಬಲ್ಲುದಾದುದರಿಂದ ಎಲ್ಲವೂ ನೆಟ್ಟಗಿರುವಂತೆ ತೋರುತ್ತದೆ, ಕಡತದ ನಡುವೆ 255 ಎಂಬ ಬೈಟು ಎದುರಾಗಿ ಲೂಪು ಅಕಾಲದಲ್ಲಿ ನಿಲ್ಲುವವರೆಗೆ. ಅದೇ ಸಾಲುಗಳು ಆರ್ಮ್ ಯಂತ್ರದ ಲಿನಕ್ಸಿಗೆ ಹೋದರೆ, ಅಲ್ಲಿ ಚಾರ್‌ಗೆ ಋಣವೆಂಬುದೇ ಇಲ್ಲವಾಗಿ, ಇಒಎಫ್‌ನ -1 ಎಂಬುದು 255 ಆಗಿ ಕುಳಿತು, ಲೂಪು ನಿಲ್ಲುವುದೇ ಇಲ್ಲ. 1989ರ ಸ್ಟ್ಯಾಂಡರ್ಡು ಕೂಡ ಈ ಆಯ್ಕೆಯನ್ನು ಕಂಪೈಲರ್ ಮಾಡುವವರಿಗೇ ಬಿಟ್ಟುಕೊಟ್ಟಿತು. ಅದನ್ನು ಔದಾರ್ಯವೆನ್ನುವವರುಂಟು, ನನಗದು ದಾಕ್ಷಿಣ್ಯವೆನಿಸುತ್ತದೆ. ಲಾಂಗ್‌ನ ಕಥೆಯೂ ಇಂಥದೇ: 64 ಬಿಟ್ ವಿಂಡೋಸಿನಲ್ಲಿ ಅದು ನಾಲ್ಕು ಬೈಟು, ಲಿನಕ್ಸಿನಲ್ಲಿ ಎಂಟು.

ಇಂಥ ಭೇದಗಳಿಗೆ ರೂಢಿಯ ಮದ್ದು ಇಫ್‌ಡೆಫ್. ವಿಂಡೋಸಾದರೆ ಈ ಸಾಲು, ಮ್ಯಾಕಾದರೆ ಆ ಸಾಲು ಎಂದು ತೇಪೆಯ ಮೇಲೆ ತೇಪೆ ಹಾಕುತ್ತ ಹೋದಂತೆ, ಮೂಲದ ತರ್ಕವೆಲ್ಲಿ, ಯಂತ್ರದ ಉಪಚಾರವೆಲ್ಲಿ ಎಂಬುದು ಬರೆದವನಿಗೇ ತಿಳಿಯದಾಗುತ್ತದೆ. ಒಂದು ಯಂತ್ರದ ಮುಂದೆ ಕುಳಿತವನು ಪರೀಕ್ಷಿಸುವುದು ಆ ಕವಲುಗಳಲ್ಲಿ ಒಂದನ್ನು ಮಾತ್ರ.

ಇದಕ್ಕಿಂತ ಪ್ರಶಸ್ತವಾದ ಮಾರ್ಗವನ್ನು 2000ದಲ್ಲಿ ಹೊರಬಂದ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿನಲ್ಲಿ ಕಾಣಬಹುದು. ಕಡತವನ್ನು ತೆರೆಯುವುದು, ಬೀಗ ಹಾಕುವುದು ಮೊದಲಾದ ಸಿಸ್ಟಮ್‌ಸಂಬಂಧದ ಕಾರ್ಯಗಳೆಲ್ಲ ಅಲ್ಲಿ ವಿಎಫ್‌ಎಸ್ ಎಂಬ ಒಂದು ಪದರದ ಹಿಂದಿವೆ. ಯೂನಿಕ್ಸಿಗೊಂದು, ವಿಂಡೋಸಿಗೊಂದು ಪ್ರತ್ಯೇಕ ಕಡತ. ಇಫ್‌ಡೆಫ್‌ಗಳು ಅಲ್ಲಿಯೂ ಹೇರಳವಾಗಿವೆ, ನಿಜ. ಆದರೆ ಪ್ರಶ್ನೋತ್ತರಗಳ ತರ್ಕವು ತಾನು ಯಾವ ಊರಿನಲ್ಲಿದ್ದೇನೆಂದು ಬಹುಮಟ್ಟಿಗೆ ಕೇಳುವುದಿಲ್ಲ. ದತ್ತಾಂಶದ ಕಡತದಲ್ಲಿ ಸಂಖ್ಯೆಗಳ ಹಿರಿಯ ಬೈಟೇ ಮೊದಲು ಬರಬೇಕೆಂಬ ನಿಯಮವಿರುವುದರಿಂದ, ಒಂದು ಯಂತ್ರದಲ್ಲಿ ಬರೆದ ಕಡತವನ್ನು ಇನ್ನೊಂದು ಹಾಗೆಯೇ ಓದುತ್ತದೆ.

ಆದರೂ ಆ ಯೂನಿಕ್ಸ್ ಕಡತವನ್ನು ಓದಿದವನಿಗೆ ಗಡಿಯನ್ನು ಕಾಯುವ ಕಷ್ಟದ ಅರಿವಾಗುತ್ತದೆ. ಪಾಸಿಕ್ಸ್ ನಿಯಮದಂತೆ, ಒಂದೇ ಪ್ರೋಸೆಸ್ಸು ಒಂದು ಕಡತವನ್ನು ಎರಡು ಬಾರಿ ತೆರೆದು, ಒಂದನ್ನು ಮುಚ್ಚಿದೊಡನೆ, ಆ ಕಡತದ ಮೇಲೆ ತಾನು ಹಾಕಿದ ಬೀಗಗಳೆಲ್ಲವೂ ಕಳಚಿಬೀಳುತ್ತವೆ. ಆದಕಾರಣ ಎಸ್‌ಕ್ಯೂಲೈಟ್, ಬೀಗವಿನ್ನೂ ಉಳಿದಿರುವಾಗ ಮುಚ್ಚಬೇಕೆಂದ ಕಡತವನ್ನು ಮುಚ್ಚದೆ, ಕಡೆಯ ಬೀಗ ತೆಗೆಯುವವರೆಗೆ ಪಕ್ಕದಲ್ಲಿ ಕೂರಿಸಿಟ್ಟಿರುತ್ತದೆ.