ಟ್ಯೂಬುಲರ್ ಟೈರಿಗೆ ಬಳ್ಳಾರಿ ಜಾಲಿಯ ಪರೀಕ್ಷೆ

ಈಜು, ಸೈಕಲ್ ಸವಾರಿ, ಓಟ ಈ ಮೂರನ್ನೂ ಬಿಡುವಿಲ್ಲದೆ ಒಂದರ ಹಿಂದೊಂದು ಮುಗಿಸಬೇಕಾದ ಸ್ಪರ್ಧೆಯೇ ಟ್ರಯಥ್ಲಾನ್. ಒಲಿಂಪಿಕ್ ಮಾದರಿಯಲ್ಲಿ ಸೈಕಲ್ ಹಾದಿ 40 ಕಿ.ಮೀ. ಐರನ್‌ಮ್ಯಾನ್ ಎಂಬ ದೀರ್ಘ ಸ್ಪರ್ಧೆಯಲ್ಲಿ 180 ಕಿ.ಮೀ., ಅದರ ಅರ್ಧದ ಮಾದರಿಯಲ್ಲಿ 90 ಕಿ.ಮೀ. ನಡುದಾರಿಯಲ್ಲಿ ಪಂಕ್ಚರ್ ಆದರೆ ಸ್ಪರ್ಧಿಯೇ ಸರಿಪಡಿಸಿಕೊಳ್ಳಬೇಕು. ಹೊರಗಿನವರ ನೆರವು ಸಾಮಾನ್ಯವಾಗಿ ನಿಷಿದ್ಧ. ಹೀಗಾಗಿ ಈ ಆಟದ ಕೈಪಿಡಿಗಳಲ್ಲಿ ಒಂದು ಸಿದ್ಧ ಸಲಹೆ ಬಹುಕಾಲದಿಂದ ಉಳಿದುಬಂದಿದೆ: ತೆಳುವಾದ ಟ್ಯೂಬುಲರ್ ಟೈರು ಹಾಕಿ, ಗಟ್ಟಿಯಾಗಿ ಗಾಳಿ ತುಂಬಿ, ಸೀಟಿನ ಕೆಳಗೆ ಒಂದು ಹೆಚ್ಚುವರಿ ಟೈರು ಮತ್ತು ಇಂಗಾಲದ ಡೈಆಕ್ಸೈಡ್ ತುಂಬಿದ ಪುಟ್ಟ ಸಿಲಿಂಡರ್ ಕಟ್ಟಿಕೊಳ್ಳಿ. ಈ ಸಲಹೆಯನ್ನು ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ರಸ್ತೆಗೆ ತಂದು ನೋಡಿದರೆ ಅದರ ಹಿಂದಿರುವ ಭೌತವಿಜ್ಞಾನ ಎಷ್ಟು ಅರೆಬೆಂದದ್ದು ಎಂಬುದು ತಿಳಿಯುತ್ತದೆ.

ಟ್ಯೂಬುಲರ್ ಎಂದರೇನು? ಮಾಮೂಲಿ ಸೈಕಲಿನ ಟೈರು ರಿಮ್ಮಿನ ಅಂಚಿಗೆ ಕಚ್ಚಿಕೊಂಡಿರುತ್ತದೆ, ಟ್ಯೂಬು ಅದರೊಳಗೆ ಬೇರೆಯಾಗಿರುತ್ತದೆ. ಟ್ಯೂಬುಲರಿನಲ್ಲಿ ಟ್ಯೂಬನ್ನು ಒಳಗಿಟ್ಟು ಬಟ್ಟೆಯ ಕವಚವನ್ನು ದಿಂಬಿನಂತೆ ಹೊಲಿದಿರುತ್ತಾರೆ. ಆ ಇಡೀ ಕೊಳವೆಯನ್ನು ರಿಮ್ಮಿಗೆ ಅಂಟಿಸಬೇಕು. ತೂತಾದರೆ ಹೊಲಿಗೆ ಬಿಚ್ಚಿ, ಪ್ಯಾಚ್ ಹಾಕಿ, ಮತ್ತೆ ಹೊಲಿಯಬೇಕು. ರಸ್ತೆಯ ಬದಿಯಲ್ಲಿ ಇದು ಆಗದ ಮಾತು. ಆದ್ದರಿಂದಲೇ ಹಳೆಯದನ್ನು ಕಿತ್ತು ಇನ್ನೊಂದನ್ನು ಏರಿಸುವ ಪದ್ಧತಿ.

ಮೊದಲ ಆಕ್ಷೇಪ ತರಗತಿಗೂ ಸಂಬಂಧಿಸಿದ್ದು. ‘ತೆಳು ಟೈರು ನೆಲಕ್ಕೆ ಕಡಿಮೆ ತಾಗುತ್ತದೆ, ಆದ್ದರಿಂದ ಘರ್ಷಣೆ ಕಡಿಮೆ’ ಎಂದು ಹೇಳುವುದುಂಟು. ಟೈರು ನೆಲಕ್ಕೆ ತಾಗುವ ವಿಸ್ತೀರ್ಣವನ್ನು ಸ್ಥೂಲವಾಗಿ ನಿರ್ಧರಿಸುವುದು ಭಾರ ಮತ್ತು ಒಳಗಿನ ಒತ್ತಡ. ಹಿಂಚಕ್ರದ ಮೇಲೆ 400 ನ್ಯೂಟನ್ ಭಾರ, ಒಳಗೆ 8 ಲಕ್ಷ ಪಾಸ್ಕಲ್ ಒತ್ತಡ ಇದ್ದರೆ ವಿಸ್ತೀರ್ಣ 5 ಚ.ಸೆಂ.ಮೀ. ಟೈರು ಅಗಲವಿರಲಿ, ತೆಳುವಿರಲಿ, ಉತ್ತರ ಹೆಚ್ಚುಕಡಿಮೆ ಅದೇ. ಬದಲಾಗುವುದು ಆ ತೇಪೆಯ ಆಕಾರ. ಉರುಳುವಾಗ ಶಕ್ತಿ ನಷ್ಟವಾಗುವುದು ರಬ್ಬರು ಮತ್ತು ಬಟ್ಟೆ ಬಾಗಿ ಮತ್ತೆ ನೇರವಾಗುವಾಗ. ಟ್ಯೂಬುಲರ್ ಟೈರು ಹಗುರವಾಗಿ ಉರುಳಿದರೆ ಅದಕ್ಕೆ ಕಾರಣ ಅದರ ಕವಚದ ಮೃದುತ್ವ. ಒರಟು ರಸ್ತೆಯಲ್ಲಿ ಅತಿಯಾದ ಒತ್ತಡ ಸವಾರನನ್ನೇ ಕುಲುಕಿಸಿ ಶಕ್ತಿ ತಿನ್ನುತ್ತದೆ.

ಎರಡನೆಯ ಆಕ್ಷೇಪವೇ ಮುಖ್ಯವಾದದ್ದು. ಪಂಕ್ಚರ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಘಟನೆಗಳಿವೆ. ಗುಂಡಿಯ ಅಂಚಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಜಜ್ಜಿಹೋಗುವುದು ಒಂದು. ಇದನ್ನು ಹೆಚ್ಚಿನ ಒತ್ತಡ ತಡೆಯುತ್ತದೆ. ಟ್ಯೂಬುಲರಿನ ರಿಮ್ಮಿಗೆ ಚೂಪಾದ ಅಂಚಿಲ್ಲದಿರುವುದೂ ನೆರವಾಗುತ್ತದೆ. ಟ್ಯೂಬುಲರಿಗೆ ‘ಪಂಕ್ಚರ್ ಕಡಿಮೆ’ ಎಂಬ ಖ್ಯಾತಿ ಬಂದಿರುವುದು ಇಲ್ಲಿಂದ. ಇನ್ನೊಂದು, ಚುಚ್ಚಿ ಆಗುವ ತೂತು. ಹೊಸಪೇಟೆಯಿಂದ ಕಮಲಾಪುರದ ಮೂಲಕ ಕಂಪ್ಲಿಗೆ ಹೋಗುವ ಸವಾರನಿಗೆ ಎದುರಾಗುವುದು ಹೆಚ್ಚಾಗಿ ಇದೇ. ಅಮೆರಿಕ ಮೂಲದ ಪ್ರೊಸೋಪಿಸ್ ಜೂಲಿಫ್ಲೋರಾ ಗಿಡಕ್ಕೆ ಕನ್ನಡದಲ್ಲಿ ಬಳ್ಳಾರಿ ಜಾಲಿ ಎಂದು ಹೆಸರಿರುವುದು ಸುಮ್ಮನೆ ಅಲ್ಲ. ಬೇಲಿಗೆಂದು, ಸೌದೆಗೆಂದು ಕಡಿದ ಕೊಂಬೆಗಳಿಂದ ಒಣ ಮುಳ್ಳು ರಸ್ತೆಗೆ ಉದುರುತ್ತದೆ. 2021ರಲ್ಲಿ ಜಿಲ್ಲೆ ಎರಡಾಗಿ ಹೊಸಪೇಟೆ, ಹಂಪಿ ಒಂದು ಕಡೆ, ಸಂಡೂರು, ಕಂಪ್ಲಿ ಇನ್ನೊಂದು ಕಡೆ ಸೇರಿದವು. ಮುಳ್ಳು ಮಾತ್ರ ಎರಡೂ ಕಡೆ ಒಂದೇ. ಸಂಡೂರಿನ ದಾರಿಯಲ್ಲಿ ಇದರ ಜೊತೆಗೆ ಅದಿರಿನ ಲಾರಿಗಳ ಒಡೆದ ಟೈರಿನಿಂದ ಉದುರಿದ ಸಣ್ಣ ಉಕ್ಕಿನ ತಂತಿ.

ಮುಳ್ಳಿನ ತುದಿಯ ವಿಸ್ತೀರ್ಣ 0.05 ಚ.ಮಿ.ಮೀ. ಎನ್ನೋಣ. ಕೇವಲ 5 ನ್ಯೂಟನ್ ಬಲ ಬಿದ್ದರೂ ಅಲ್ಲಿನ ಒತ್ತಡ 10 ಕೋಟಿ ಪಾಸ್ಕಲ್, ಅಂದರೆ ಸುಮಾರು 1000 ವಾಯುಮಂಡಲ. ಇದರ ಎದುರು ಟೈರಿನೊಳಗಿನ 6 ಅಥವಾ 8 ವಾಯುಮಂಡಲ ಯಾವ ಲೆಕ್ಕ? ಗಟ್ಟಿ ಟೈರು ಮುಳ್ಳಿಗೆ ಬಗ್ಗಿಕೊಡುವುದಿಲ್ಲವಾದ್ದರಿಂದ ತೂತಾಗುವುದು ಇನ್ನೂ ಸುಲಭ. ತಡೆಯಬಲ್ಲದ್ದು ಟ್ರೆಡ್ಡಿನ ದಪ್ಪ ಮತ್ತು ಅದರ ಕೆಳಗಿನ ಬಿಗಿ ನೇಯ್ಗೆಯ ಪಟ್ಟಿ. ಹಂಪಿಯಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಸೈಕಲ್ಲುಗಳ ದಪ್ಪ ಟೈರನ್ನು ನೋಡಿ ನಗುವ ಮೊದಲು ಇದನ್ನು ನೆನೆಯಬೇಕು.

‘ಒಂದು ಹೆಚ್ಚುವರಿ ಟೈರು ಸಾಕು’ ಎಂಬುದು ಸಂಭವನೀಯತೆಯ ಪ್ರಶ್ನೆ. ಸರಾಸರಿ 400 ಕಿ.ಮೀ.ಗೆ ಒಂದು ತೂತು ಎಂದು ಊಹಿಸಿದರೆ, ಪಾಯ್ಸಾನ್ ಸೂತ್ರದಂತೆ 90 ಕಿ.ಮೀ.ಯಲ್ಲಿ ಎರಡು ಅಥವಾ ಹೆಚ್ಚು ತೂತುಗಳ ಸಂಭವ ಶೇ. 2ರಷ್ಟು. ಆ ಸರಾಸರಿ 100 ಕಿ.ಮೀ.ಗೆ ಇಳಿದರೆ ಅದೇ ಸಂಭವ ಶೇ. 23ಕ್ಕೆ ಏರುತ್ತದೆ. ಸ್ವಚ್ಛ ರಸ್ತೆಯಲ್ಲಿ ಜಾಣತನವೆನಿಸುವ ಸಲಹೆ ಮುಳ್ಳಿನ ನಾಡಿನಲ್ಲಿ ಐವರಲ್ಲಿ ಒಬ್ಬರನ್ನು ಸ್ಪರ್ಧೆಯಿಂದ ಹೊರಗೆ ನಿಲ್ಲಿಸುತ್ತದೆ. ಈ ಲೆಕ್ಕ ಮಾಡದೆ ಸ್ಪರ್ಧೆಯ ವೇಗವನ್ನಷ್ಟೇ ಹೇಳುವ ಕೈಪಿಡಿಯನ್ನು ವೈಜ್ಞಾನಿಕ ಎನ್ನಲಾಗದು.

ಇನ್ನು ಅಂಟಿನ ಮಾತು. 2004ರ ಹವಾಯಿ ಐರನ್‌ಮ್ಯಾನ್ ವಿಜೇತ, ಜರ್ಮನಿಯ ನಾರ್ಮನ್ ಸ್ಟಾಡ್ಲರ್ 2005ರಲ್ಲಿ ಅಲ್ಲೇ ಪಂಕ್ಚರಿನಿಂದ ಹಿಂದೆ ಸರಿಯಬೇಕಾಯಿತು. ಅಂಟು ಅತಿಯಾಗಿ ಟೈರು ಕೀಳಲು ಆತ ಹೆಣಗಿದ್ದು ಆಟದ ಇತಿಹಾಸದಲ್ಲಿ ಪ್ರಸಿದ್ಧ. ಅಂಟು ಸಾಲದಿದ್ದರೆ ಅಪಾಯ ಇನ್ನೂ ದೊಡ್ಡದು. 2003ರ ಟೂರ್ ಡಿ ಫ್ರಾನ್ಸ್‌ನಲ್ಲಿ ಸ್ಪೇನಿನ ಹೋಸೆಬಾ ಬೆಲೋಕಿ ಇಳಿಜಾರಿನಲ್ಲಿ, ಬಿಸಿಲಿಗೆ ಕರಗಿದ ಡಾಂಬರಿನ ಮೇಲೆ ಹಿಂಚಕ್ರ ಜಾರಿ, ಟೈರು ರಿಮ್ಮಿನಿಂದ ಕಳಚಿ, ತೊಡೆಯ ಮೂಳೆ ಮುರಿದುಕೊಂಡರು. ಸ್ಪರ್ಧೆಯ ನಡುವೆ ಏರಿಸಿದ ಟೈರು ಹಳೆಯ ಅಂಟಿನ ಮೇಲಷ್ಟೇ ಕುಳಿತಿರುತ್ತದೆ, ಪೂರ್ತಿ ಹಿಡಿದಿರುವುದಿಲ್ಲ. ಅಂಥ ಚಕ್ರದಲ್ಲಿ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಎದುರಿಗೆ ಲಾರಿಗಳಿರುವ ಸಂಡೂರಿನ ಇಳಿಜಾರು ತಿರುವನ್ನು ಎಂದಿನ ವೇಗದಲ್ಲಿ ಇಳಿಯಬಾರದೆಂದು ಕೈಪಿಡಿಗಳು ದಪ್ಪಕ್ಷರದಲ್ಲಿ ಹೇಳಬೇಕಿತ್ತು.

ಸಿಲಿಂಡರಿನ ವಿಷಯದಲ್ಲಿ ಸಲಹೆ ಅರ್ಧ ಸರಿ. 16 ಗ್ರಾಂ ಇಂಗಾಲದ ಡೈಆಕ್ಸೈಡ್ ಎಂದರೆ 0.36 ಮೋಲ್. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುಕ್ಕಾಲು ಲೀಟರ್ ಗಾತ್ರದ ಟೈರಿನಲ್ಲಿ ಆದರ್ಶ ಅನಿಲ ಸಮೀಕರಣದ ಪ್ರಕಾರ ಒತ್ತಡ ಸುಮಾರು 12 ವಾಯುಮಂಡಲ. ಸೋರಿಕೆ, ತಿದ್ದುಪಡಿಗಳನ್ನು ಕಳೆದರೂ ಸಾಕಷ್ಟಾಯಿತು. ಹೊರಬರುವ ಅನಿಲ ತಣ್ಣಗಿರುವುದರಿಂದ ಬಿಸಿಯೇರಿದಂತೆ ಒತ್ತಡ ಇನ್ನೂ ಏರುತ್ತದೆ. ಪೂರ್ತಿ ಖಾಲಿ ಮಾಡುವ ಆತುರ ಬೇಡ. ಮುಳ್ಳಿನ ಸಣ್ಣ ದುಂಡು ತೂತಿಗೆ ಲೇಟೆಕ್ಸ್ ದ್ರವ ಚೆನ್ನಾಗಿ ಕೆಲಸ ಮಾಡುತ್ತದೆ. ಮೊದಲೇ ಒಳಗೆ ಹಾಕಿಕೊಂಡು ಹೊರಡುವುದೇ ಲೇಸು. ಇಂದು ಸ್ಪರ್ಧಾಳುಗಳು ಹೆಚ್ಚಾಗಿ ಟ್ಯೂಬ್‌ಲೆಸ್ ಟೈರಿಗೆ ತಿರುಗಿರುವುದಕ್ಕೆ ಇದೂ ಒಂದು ಕಾರಣ.

ಆದರೆ ಈ ಅನಿಲ ಒಂದೆರಡು ದಿನದಲ್ಲೇ ಇಳಿದುಹೋಗುತ್ತದೆ. ‘ಅಣು ಚಿಕ್ಕದು’ ಎಂಬ ವಿವರಣೆ ಸಾಲದು. ಇಂಗಾಲದ ಡೈಆಕ್ಸೈಡ್ ರಬ್ಬರಿನಲ್ಲಿ ಚೆನ್ನಾಗಿ ಕರಗುತ್ತದೆ. ಕರಗಿ, ವಿಸರಣೆಯಿಂದ ಸಾಗಿ, ಆಚೆ ಬರುತ್ತದೆ. ಸಹಜ ರಬ್ಬರಿನಲ್ಲಿ ಅದರ ಸೋರುವಿಕೆ ಸಾರಜನಕದ ಹತ್ತು ಪಟ್ಟಿಗೂ ಹೆಚ್ಚು. ಶಾಲೆಯಲ್ಲೇ ಇದನ್ನು ಪರೀಕ್ಷಿಸಬಹುದು. ಒಂದೇ ಬಗೆಯ ಎರಡು ಟೈರುಗಳಲ್ಲಿ ಒಂದಕ್ಕೆ ಪಂಪಿನ ಗಾಳಿ, ಇನ್ನೊಂದಕ್ಕೆ ಸಿಲಿಂಡರಿನ ಅನಿಲ ತುಂಬಿ, ಒತ್ತಡ ಸಮಮಾಡಿ, ಮರುದಿನ ಅದೇ ಹೊತ್ತಿಗೆ ಗೇಜಿನಿಂದ ಅಳೆದರೆ ಸಾಕು. ಎರಡನ್ನೂ ನೆರಳಿನಲ್ಲೇ ಇಡಬೇಕು. ಹೊಸಪೇಟೆಯ ಬಿಸಿಲಿಗೆ ಬಂದ ಟೈರಿನ ಒತ್ತಡದ ಲೆಕ್ಕ ಬೇರೆಯೇ ಆಗುತ್ತದೆ.